ಪರದೆಯ ಮುಂದೆ ಎಂಟು ಗಂಟೆ: ಕಿವಿಯ ನರದ ಗಡ್ಡೆ ತೆಗೆಯುವಾಗ ಮುಖದ ನರದ ಕಾವಲು

ಆಪರೇಷನ್ ನಡೆಯುವಾಗ ಮುಖದ ಸ್ನಾಯುಗಳ ವಿದ್ಯುತ್ತನ್ನು ಪರದೆಯ ಗೆರೆಯಾಗಿ, ಸ್ಪೀಕರಿನ ದನಿಯಾಗಿ ಹಿಡಿದು ಮುಖದ ನರವನ್ನು ಕಾಯುವುದು ನಮ್ಮ ಕೆಲಸ. ನರಕ್ಕೆ ಪೆಟ್ಟಾದರೆ ಯಂತ್ರ ಕಿರುಚಿಕೊಳ್ಳುತ್ತದೆ ಎಂದು ಈ ಕೆಲಸಕ್ಕೆ ಹೊಸದಾಗಿ ಬಂದವರು ನಂಬಿರುತ್ತಾರೆ. ಹಾಗೇನಿಲ್ಲ. ಹರಿತವಾದ ಕತ್ತರಿಗೆ ಸಿಕ್ಕ ನರ ಒಮ್ಮೆ ‘ಟಪ್’ ಎಂದು ಸುಮ್ಮನಾಗಿಬಿಡುತ್ತದೆ, ಕೆಲವು ಸಲ ಅಷ್ಟೂ ಇರುವುದಿಲ್ಲ. ಆಮೇಲೆ ಪರದೆಯ ಮೇಲೆ ಗೆರೆ ನೇರ, ಸ್ಪೀಕರ್ ಮೌನ. ಸ್ನಾಯು ಸಡಿಲಿಸುವ ಔಷಧಿ ಇಳಿಯದೆ ಉಳಿದಿದ್ದರೂ ಅದೇ ಮೌನ. ನರಕ್ಕೆ ಕರೆಂಟು ಮುಟ್ಟಿಸಿ ನೋಡುವ ಕಡ್ಡಿಯ, ಅಂದರೆ ಪ್ರೋಬಿನ, ವೈರು ಕಳಚಿದ್ದರೂ ಅದೇ ಮೌನ. ಎಲ್ಲ ಸರಿಯಿದ್ದು ಸರ್ಜನ್ ನರದಿಂದ ದೂರದಲ್ಲಿ ಕೆಲಸ ಮಾಡುತ್ತಿದ್ದರೂ ಅದೇ ಮೌನ. ಈ ನಾಲ್ಕು ಮೌನಗಳಲ್ಲಿ ಈಗಿನದು ಯಾವುದು ಎಂದು ಹೇಳುವುದೇ ನಮ್ಮ ಕೆಲಸದ ಮುಕ್ಕಾಲು ಪಾಲು. ಗೆರೆ ಕುಣಿದಾಗ ಹೇಳುವುದು ಸುಲಭ.

ಇಲ್ಲಿ ಹೇಳುತ್ತಿರುವುದು ವೆಸ್ಟಿಬ್ಯುಲಾರ್ ಶ್ವಾನೋಮ ಎಂಬ ಗಡ್ಡೆಯ ಶಸ್ತ್ರಚಿಕಿತ್ಸೆಯ ಬಗ್ಗೆ. ಅಕೌಸ್ಟಿಕ್ ನ್ಯೂರೋಮ ಎಂಬುದು ಅದರ ಹಳೆಯ ಹೆಸರು, ಓಟಿಯಲ್ಲಿ ಇವತ್ತಿಗೂ ಓಡಾಡುವುದು ಅದೇ. ಇದು ಕ್ಯಾನ್ಸರ್ ಅಲ್ಲ. ಸಮತೋಲನದ ನರವನ್ನು ಸುತ್ತಿರುವ ಶ್ವಾನ್ ಜೀವಕೋಶಗಳಿಂದ ಹುಟ್ಟಿ, ಕಿವಿಯ ಒಳನಾಳದಲ್ಲಿ ಬೆಳೆದು, ಕಿರುಮೆದುಳು ಮತ್ತು ಮೆದುಳುಕಾಂಡದ ನಡುವಿನ ಮೂಲೆಗೆ ಹೊರಚಾಚುತ್ತದೆ. ಆ ಮೂಲೆಗೆ ಎಲ್ಲರೂ ಹೇಳುವುದು ಸಿ.ಪಿ. ಆಂಗಲ್ ಎಂದೇ. ಗಡ್ಡೆ ಎಂಟನೆಯ ನರದ್ದು, ಅಪಾಯ ಏಳನೆಯದಕ್ಕೆ, ಅಂದರೆ ಮುಖದ ನರಕ್ಕೆ. ಸುಮಾರು 1 ಸೆಂ.ಮೀ. ಉದ್ದದ ಆ ಎಲುಬಿನ ನಾಳದೊಳಗೆ ಎರಡೂ ನರಗಳು ಅಕ್ಕಪಕ್ಕ ಮಲಗಿರುವುದರಿಂದ ಗಡ್ಡೆ ಬೆಳೆದಂತೆ ಮುಖದ ನರವನ್ನು ಸಾಮಾನ್ಯವಾಗಿ ಮುಂದಕ್ಕೆ ತಳ್ಳಿ, ತನ್ನ ಮೈಮೇಲೆ ಒತ್ತಿ ಹಾಸಿಬಿಡುತ್ತದೆ. ದಾರದಂತಿರಬೇಕಾದ ನರ ಒದ್ದೆಯಾದ ಈರುಳ್ಳಿ ಪೊರೆಯಂತೆ ಕಾಣುತ್ತದೆ. ಕೆನ್ನೆಯಲ್ಲಿರುವ ಮುಖದ ನರಕ್ಕೆ ಗಟ್ಟಿ ಹೊದಿಕೆಯಿದೆ. ಮೆದುಳುಕಾಂಡದಿಂದ ಹೊರಟ ಮೊದಲ ಭಾಗಕ್ಕೆ ಅದಿಲ್ಲ. ಹೀಗಾಗಿ ಕೆನ್ನೆಯ ಆಪರೇಷನ್ನಿನಲ್ಲಿ ನರ ತಡೆದುಕೊಳ್ಳುವ ಎಳೆತವನ್ನು ಇಲ್ಲಿ ಅದು ತಡೆಯುವುದಿಲ್ಲ.

ನಮ್ಮ ಕಡೆ ಇವು ದೊಡ್ಡದಾಗಿಯೇ ಬರುತ್ತವೆ. ಫೋನನ್ನು ಇನ್ನೊಂದು ಕಿವಿಗೆ ಹಿಡಿಯಲು ಶುರುಮಾಡಿ ವರ್ಷಗಳಾದ ಮೇಲೆ, ನಡೆಯುವಾಗ ಓಲಾಡಲು ತೊಡಗಿದ ಮೇಲೆ ಎಂಆರ್‌ಐ ಆಗುತ್ತದೆ. 3 ಸೆಂ.ಮೀ. ದಾಟಿದ ಗಡ್ಡೆಯಲ್ಲಿ ನರ ಎಲ್ಲಿದೆ ಎಂದು ಕಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ಮುಂಚೆ ವಿದ್ಯುತ್ತಿಗೆ ಗೊತ್ತಾಗಬೇಕು.

1898ರಲ್ಲೇ ಜರ್ಮನಿಯ ಸರ್ಜನ್ ಫೆಡೋರ್ ಕ್ರೌಸೆ ಕಿವಿಯ ನರದ ಆಪರೇಷನ್ನಿನಲ್ಲಿ ಮುಖದ ನರಕ್ಕೆ ವಿದ್ಯುತ್ ಮುಟ್ಟಿಸಿ ಮುಖ ಅದುರುವುದನ್ನು ನೋಡಿದ್ದರು. ಆಮೇಲೆ ದಶಕಗಟ್ಟಲೆ ನಡೆದದ್ದು ಬಟ್ಟೆಯ ಕೆಳಗೆ ಕೈತೂರಿಸಿ, ರೋಗಿಯ ಕೆನ್ನೆಯ ಮೇಲೆ ಅಂಗೈ ಇಟ್ಟು, ‘ಅದುರಿತು, ಅದುರಲಿಲ್ಲ’ ಎಂದು ಹೇಳುವ ಪದ್ಧತಿ. ಸ್ನಾಯುವಿನ ವಿದ್ಯುತ್ತನ್ನೇ ಗೆರೆಯಾಗಿ ನೋಡುವ ಇಎಂಜಿ ಪದ್ಧತಿಯನ್ನು ಡೆಲ್ಗಾಡೊ ಮತ್ತು ಸಂಗಡಿಗರು 1979ರಲ್ಲಿ ವರದಿ ಮಾಡಿದರು. 1991ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಈ ಗಡ್ಡೆಯ ಶಸ್ತ್ರಚಿಕಿತ್ಸೆಯಲ್ಲಿ ಮುಖದ ನರದ ನಿಗಾ ರೂಢಿಯಾಗಿಯೇ ಇರಬೇಕು ಎಂದಿತು. ಚರಿತ್ರೆ ಇಷ್ಟು ಸಾಕು.

ಕೆಲಸ ಶುರುವಾಗುವುದು ಹಿಂದಿನ ಸಂಜೆ, ವಾರ್ಡಿನಲ್ಲಿ. ‘ಹುಬ್ಬು ಮೇಲೆತ್ತಿ, ಕಣ್ಣು ಗಟ್ಟಿಯಾಗಿ ಮುಚ್ಚಿ, ಹಲ್ಲು ತೋರಿಸಿ, ಕೆನ್ನೆ ಉಬ್ಬಿಸಿ ಅಮ್ಮಾ’ ಎಂದು ಮಾಡಿಸಿ ನೋಡಿ, ಹೌಸ್–ಬ್ರಾಕ್‌ಮನ್ ದರ್ಜೆ ಬರೆದುಕೊಳ್ಳುತ್ತೇವೆ. 1 ಎಂದರೆ ಸಹಜ, 6 ಎಂದರೆ ಪೂರ್ತಿ ಬಿದ್ದುಹೋದ ಮುಖ. ಕೇಳಲೇಬೇಕಾದ ಪ್ರಶ್ನೆಗಳು ಕೆಲವಿವೆ. ಹಿಂದೆ ಮುಖದ ಒಂದು ಬದಿ ಸೋಲುವ ಬೆಲ್ಸ್ ಪಾಲ್ಸಿ ಆಗಿತ್ತೇ, ಮುಖಕ್ಕೆ ಬೊಟಾಕ್ಸ್ ಚುಚ್ಚಿಸಿದ್ದರೇ, ಪೇಸ್‌ಮೇಕರ್ ಇದೆಯೇ, ಫಿಟ್ಸ್ ಬರುತ್ತದೆಯೇ, ರಕ್ತ ತೆಳುವಾಗಿಸುವ ಮಾತ್ರೆ ನಿಂತಿದೆಯೇ. ಬೊಟಾಕ್ಸ್ ಪ್ರಶ್ನೆಗೆ ನಗುವವರಿದ್ದಾರೆ. ಮುಖದ ಅರ್ಧಭಾಗ ಎಳೆಯುವ ಕಾಯಿಲೆಗೂ ಅದನ್ನೇ ಚುಚ್ಚುತ್ತಾರೆ, ಚುಚ್ಚಿದ ಸ್ನಾಯು ತಿಂಗಳುಗಟ್ಟಲೆ ಸರಿಯಾಗಿ ಉತ್ತರ ಕೊಡುವುದಿಲ್ಲ.

ಬೆಳಿಗ್ಗೆ ಮೊದಲ ಮಾತುಕತೆ ಸರ್ಜನ್ ಜೊತೆಗಲ್ಲ, ಅರಿವಳಿಕೆ ತಜ್ಞರ ಜೊತೆಗೆ. ಉಸಿರುನಳಿಕೆ ಹಾಕಲು ಒಂದು ಸಲ ಸ್ನಾಯು ಸಡಿಲಿಸುವ ಔಷಧಿ ಕೊಡಬಹುದು, ಬೇಗ ಇಳಿಯುವಂಥದ್ದು, ಕಡಿಮೆ ಪ್ರಮಾಣದಲ್ಲಿ. ಆಮೇಲೆ ಒಂದು ಹನಿಯೂ ಬೇಡ. ಅಭ್ಯಾಸಬಲದಿಂದ ಗಂಟೆಗೊಮ್ಮೆ ಟಾಪ್‌ಅಪ್ ಕೊಡುವ ಕೈಗಳು ಇರುತ್ತವೆ. ಆದ್ದರಿಂದ ಅಟ್ರಾಕ್ಯೂರಿಯಂ ತುಂಬಿದ ಸಿರಿಂಜನ್ನು ಟ್ರೇಯಿಂದಲೇ ತೆಗೆಸಿಬಿಡುವುದು ಒಳ್ಳೆಯದು. ರೋಕ್ಯುರೋನಿಯಂ ಕೊಟ್ಟಿದ್ದರೆ ಸುಗಮಡೆಕ್ಸ್ ಕೊಟ್ಟು ಪೂರ್ತಿ ಇಳಿಸಬಹುದು. ಇಳಿದಿದೆ ಎಂಬುದಕ್ಕೆ ಸಾಕ್ಷಿ ಮಣಿಕಟ್ಟಿನ ಅಲ್ನಾರ್ ನರಕ್ಕೆ ಕೊಡುವ ವಿದ್ಯುತ್ತಿನ ನಾಲ್ಕು ಸಣ್ಣ ಏಟು. ನಾಲ್ಕಕ್ಕೂ ಹೆಬ್ಬೆರಳು ಸಮನಾಗಿ ಮಡಚಬೇಕು. ಮೂರು ಸರಿ, ನಾಲ್ಕನೆಯದು ಸೋತಿದೆ ಎಂದರೆ ಇನ್ನೂ ಕಾಯಬೇಕು.

ಬರೀ ಇಎಂಜಿಗೆ ಅನಿಲದ ಅರಿವಳಿಕೆ ಅಡ್ಡಿಯಲ್ಲ. ತಲೆಯ ಮೇಲಿಂದ ಮೆದುಳಿಗೆ ಏಟು ಕೊಟ್ಟು ಮುಖದಲ್ಲಿ ಉತ್ತರ ನೋಡುವ ಎಂಇಪಿ ಪರೀಕ್ಷೆಯೂ ಇದ್ದರೆ ಅನಿಲ ಬಿಟ್ಟು ಪ್ರೊಪೊಫಾಲ್ ಮತ್ತು ಫೆಂಟನಿಲ್ ಜಾತಿಯ ಔಷಧಿಗಳಲ್ಲೇ ನಡೆಸಬೇಕು. ಸಡಿಲಿಕೆ ಇಲ್ಲದ ರೋಗಿಯ ತಲೆ ಮೂರು ಮೊಳೆಯ ಮೇಫೀಲ್ಡ್ ಹಿಡಿತದಲ್ಲಿರುತ್ತದೆ. ಅರಿವಳಿಕೆ ತೆಳುವಾಗಿ ರೋಗಿ ಕೆಮ್ಮಿದರೆ ನೆತ್ತಿಯ ಚರ್ಮ ಹರಿಯುತ್ತದೆ, ಕುತ್ತಿಗೆಗೆ ಪೆಟ್ಟಾಗುತ್ತದೆ. ಇದು ಅರಿವಳಿಕೆಯವರ ನಿಜವಾದ ಕಷ್ಟ, ಅವರು ಗೊಣಗುವುದರಲ್ಲಿ ಅರ್ಥವಿದೆ.

ಸೂಜಿ ಹಾಕುವುದು ಅರಿವಳಿಕೆ ಆದ ಮೇಲೆ, ರೋಗಿಯನ್ನು ಮಗ್ಗುಲಿಗೆ ತಿರುಗಿಸುವ ಮುಂಚೆ. ಚರ್ಮದಡಿಗೆ ಹೋಗುವ ಸೂಜಿ ಎಲೆಕ್ಟ್ರೋಡ್‌ಗಳು ಸುಮಾರು 12ರಿಂದ 13 ಮಿ.ಮೀ. ಉದ್ದ, 27 ಗೇಜ್ ದಪ್ಪ. ಪ್ರತಿ ಸ್ನಾಯುವಿಗೆ ಜೋಡಿ, ಎರಡರ ನಡುವೆ ಅರ್ಧದಿಂದ 1 ಸೆಂ.ಮೀ. ಅಂತರ, ತುದಿಗಳು ಒಂದಕ್ಕೊಂದು ತಾಗಕೂಡದು. ತಾಗಿದರೆ ಗೆರೆ ಚೊಕ್ಕಟವಾಗಿ ಚಪ್ಪಟೆಯಾಗುತ್ತದೆ, ಇಂಪೆಡೆನ್ಸ್, ಅಂದರೆ ಕರೆಂಟಿಗಿರುವ ಅಡ್ಡಿ, ಆಶ್ಚರ್ಯಪಡುವಷ್ಟು ಕಡಿಮೆ ತೋರಿಸುತ್ತದೆ, ಹೊಸಬರು ಖುಷಿಪಡುತ್ತಾರೆ. ಕಣ್ಣಿನ ಸುತ್ತಲ ಸ್ನಾಯುವಿಗೆ ಹಾಕುವಾಗ ಸೂಜಿಯ ಮೊನೆ ಯಾವತ್ತೂ ಗುಡ್ಡೆಯ ಕಡೆಗೆ ಮುಖ ಮಾಡಕೂಡದು. ಕಣ್ಣಿನ ಹೊರಮೂಲೆಯ ಆಚೆ, ಚರ್ಮ ಚಿವುಟಿ ಎತ್ತಿ, ಅಡ್ಡಲಾಗಿ ತೂರಿಸಬೇಕು. ಎರಡನೆಯ ಜೋಡಿ ಬಾಯಿಯ ಸುತ್ತಲ ಸ್ನಾಯುವಿಗೆ, ತುಟಿಯ ಮೂಲೆಯ ಹತ್ತಿರ. ಮೂರನೆಯದು ಗದ್ದದ ಮೆಂಟಾಲಿಸ್‌ಗೆ. ಒಂದು ಜೋಡಿಯ ಗೆರೆಗೆ ಒಂದು ಚಾನೆಲ್. ಎರಡೇ ಚಾನೆಲ್ಲಿನ ಯಂತ್ರವಾದರೆ ಕಣ್ಣು ಮತ್ತು ಬಾಯಿ ಸಾಕು ಎನ್ನುವವರಿದ್ದಾರೆ. ಸೂಜಿ ಒಂದು ಜಾರಿದರೂ ಕುರುಡಾಗಬಾರದು ಎಂಬ ಕಾರಣಕ್ಕೆ ಮೂರನ್ನೇ ಹಾಕುವುದು ನಮ್ಮ ರೂಢಿ.

ಇವಲ್ಲದೆ ದವಡೆಯ ಮ್ಯಾಸೆಟರ್‌ಗೆ ಒಂದು ಜೋಡಿ ಹಾಕುತ್ತೇವೆ, ಅದು ಐದನೆಯ ನರಕ್ಕೆ. ಹೆಗಲಿನ ಟ್ರಪೀಜಿಯಸ್‌ಗೆ ಒಂದು ಜೋಡಿ, ಹನ್ನೊಂದನೆಯ ನರಕ್ಕೆ. ಇವು ಅಲಂಕಾರಕ್ಕಲ್ಲ, ಯಾಕೆಂದು ಮುಂದೆ ಗೊತ್ತಾಗುತ್ತದೆ. ಎಂಇಪಿ ಇದ್ದರೆ ಹೆಬ್ಬೆರಳ ಬುಡಕ್ಕೆ ಹೋಲಿಕೆಗಾಗಿ ಒಂದು ಜೋಡಿ, ನೆತ್ತಿಗೆ ಸುರುಳಿ ಸೂಜಿಗಳು ಮೂರು. ಗ್ರೌಂಡ್ ಒಂದು, ಪ್ರೋಬಿನ ಕರೆಂಟು ವಾಪಸು ಬರುವ ಸೂಜಿ ಒಂದು, ಎರಡೂ ಎದೆಮೂಳೆಯ ಮೇಲೆ ಅಥವಾ ಹೆಗಲ ಹತ್ತಿರ. ಒಟ್ಟು 17. ಈ ಸಂಖ್ಯೆಯನ್ನು ಬೋರ್ಡಿನ ಮೇಲೆ ಬರೆಸಬೇಕು, ಸಂಜೆ ಬೇಕಾಗುತ್ತದೆ.

ಟೇಪು ಅಂಟಿಸುವುದರಲ್ಲಿ ಜಿಪುಣತನ ಬೇಡ. ಎಂಟು ಗಂಟೆ ಬೆವರು, ಬೆಟಾಡಿನ್, ತೊಳೆಯುವ ನೀರು ಎಲ್ಲ ಇಳಿದು ಬರುತ್ತವೆ. ಪ್ರತಿ ವೈರಿಗೂ ಒಂದು ಸುತ್ತು ಸಡಿಲ ಬಿಟ್ಟು, ಆ ಸುತ್ತಿನ ಮೇಲೆ ಇನ್ನೊಂದು ಟೇಪು, ಮೇಲೊಂದು ಪಾರದರ್ಶಕ ಅಂಟುಹಾಳೆ. ಆಪರೇಷನ್ ಮಧ್ಯೆ ಕಳಚಿದ ಸೂಜಿಯನ್ನು ಸ್ಟೆರೈಲ್ ಬಟ್ಟೆಯ ಕೆಳಗೆ ತೆವಳಿಕೊಂಡು ಹೋಗಿ ಮತ್ತೆ ಚುಚ್ಚುವುದು ಎಲ್ಲರ ಕಣ್ಣೆದುರು ನಡೆಯುವ ಸರ್ಕಸ್ಸು. ಮುಖದ ವೈರುಗಳೆಲ್ಲ ಒಂದು ಕಡೆಗೆ, ರಕ್ತನಾಳ ಸುಡುವ ಕಾಟರಿಯ ಕೇಬಲ್ ಇನ್ನೊಂದು ಕಡೆಗೆ. ಅಕ್ಕಪಕ್ಕ ಓಡಿಸಿದರೆ ಗದ್ದಲ ತಾನಾಗಿ ಬರುತ್ತದೆ.

ಈಗ ಪರೀಕ್ಷೆಗಳು. ಇಂಪೆಡೆನ್ಸ್ ಪ್ರತಿ ಸೂಜಿಗೆ 5 ಕಿಲೋಓಮ್‌ಗಿಂತ ಕಡಿಮೆ, ಜೋಡಿಯ ನಡುವಿನ ವ್ಯತ್ಯಾಸ 1 ಅಥವಾ 2ರೊಳಗೆ. ವ್ಯತ್ಯಾಸ ಹೆಚ್ಚಿದ್ದರೆ 50 ಹರ್ಟ್ಜ್‌ನ ಗುಂಯ್‌ಗುಡುವಿಕೆ ಸೇರಿಕೊಳ್ಳುತ್ತದೆ. ಅದನ್ನು ಅಡಗಿಸಲು ನಾಚ್ ಫಿಲ್ಟರ್ ಒತ್ತಬೇಡಿ, ಅದು ಪ್ರೋಬಿನ ಏಟಿನ ಗುರುತನ್ನು ಅಲೆಯಂತೆ ಎಳೆದು ಉತ್ತರದ ವೇಷ ಹಾಕಿಸುತ್ತದೆ. ಗುಂಯ್ ಎನ್ನುವುದರ ಮೂಲ ಹುಡುಕಬೇಕು. ಹೆಚ್ಚಿನ ಸಲ ಅದು ರೋಗಿಯನ್ನು ಬೆಚ್ಚಗಿಡುವ ಯಂತ್ರ, ಟೇಬಲ್ಲಿನ ಮೋಟಾರು ಅಥವಾ ಮೈಕ್ರೋಸ್ಕೋಪಿನ ಪ್ಲಗ್ಗು. ಆಮೇಲೆ ಬೆರಳಿನಿಂದ ಕಣ್ಣಿನ ಹತ್ತಿರ ತಟ್ಟಿ ನೋಡಿ, ಕಣ್ಣಿನ ಚಾನೆಲ್ಲೇ ಕುಣಿಯಬೇಕು. ತುಟಿಯ ಹತ್ತಿರ ತಟ್ಟಿದರೆ ಬಾಯಿಯದು. ವೈರು ಅದಲುಬದಲಾದದ್ದು ಇಲ್ಲಿ ಸಿಕ್ಕಿಬೀಳುತ್ತದೆ. ತಟ್ಟಿದಾಗ ಕುಣಿಯಿತು ಎಂದ ಮಾತ್ರಕ್ಕೆ ಸ್ನಾಯು ಎಚ್ಚರವಾಗಿದೆ ಎಂದಲ್ಲ. ಪೂರ್ತಿ ಸಡಿಲಿಸಿದ ರೋಗಿಯ ಮುಖ ತಟ್ಟಿದರೂ ಗೆರೆ ಕುಣಿಯುತ್ತದೆ, ಅದು ಸೂಜಿ ಅಲುಗಾಡಿದ್ದು.

ರೋಗಿಯನ್ನು ಮಗ್ಗುಲಿಗೆ ತಿರುಗಿಸಿ ತಲೆ ಬಿಗಿದ ಮೇಲೆ ಇನ್ನೊಮ್ಮೆ ಇಂಪೆಡೆನ್ಸ್ ನೋಡಬೇಕು. ಎಳೆದಾಟದಲ್ಲಿ ಒಂದಾದರೂ ಸೂಜಿ ಜಾರಿರುತ್ತದೆ.

ಕೊಯ್ಯುವ ಮುಂಚೆ ಕಿವಿಯ ಹಿಂದೆ ಲಿಗ್ನೊಕೇನ್–ಅಡ್ರಿನಲಿನ್ ಚುಚ್ಚುತ್ತಾರೆ. ಕೊಯ್ಯುವ ಗೆರೆಯ ಉದ್ದಕ್ಕೆ ಚುಚ್ಚಿದರೆ ತೊಂದರೆಯಿಲ್ಲ. ಮ್ಯಾಸ್ಟಾಯ್ಡ್ ಮೂಳೆಯ ತುದಿಯ ಕೆಳಗೆ ಆಳಕ್ಕೆ ಹೋದರೆ ಮುಖದ ನರ ತಲೆಬುರುಡೆಯಿಂದ ಹೊರಬರುವ ರಂಧ್ರಕ್ಕೇ ಔಷಧಿ ತಲುಪಿ, ನರ ಗಂಟೆಗಟ್ಟಲೆ ಮರಗಟ್ಟುತ್ತದೆ. ಒಳಗೆ ಎಲ್ಲ ಸರಿಯಿದ್ದರೂ ಪ್ರೋಬಿಗೆ ಮುಖ ಉತ್ತರ ಕೊಡುವುದಿಲ್ಲ, ಹೆಗಲು ಕೊಡುತ್ತದೆ. ಹೆಗಲಿನ ಚಾನೆಲ್ ಇಲ್ಲದಿದ್ದರೆ ಈ ವ್ಯತ್ಯಾಸವೇ ತಿಳಿಯದೆ ಎಲ್ಲರೂ ಯಂತ್ರ ಬೈಯುತ್ತಾ ಕೂರುತ್ತಾರೆ.

ಪ್ರೋಬಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಇಲ್ಲೇ ಹೆಚ್ಚು ತಪ್ಪುಗಳಾಗುವುದು. ನಮ್ಮ ಮುಖ್ಯ ಆಯುಧ ಒಂಟಿ ಧ್ರುವದ ಪ್ರೋಬ್, ಅಂದರೆ ಮೊನೋಪೋಲಾರ್. ತುದಿಯವರೆಗೂ ಹೊದಿಕೆಯಿದ್ದು, ತುದಿಯ ಚುಕ್ಕೆ ಮಾತ್ರ ಬರಿ ಲೋಹ. ಹೊದಿಕೆ ಸವೆದ ಹಳೆಯ ಪ್ರೋಬಿನಲ್ಲಿ ಕರೆಂಟು ಪಕ್ಕದಿಂದ ಸೋರಿ ಮೆದುಳುನೀರಿಗೆ ಹೋಗುತ್ತದೆ, ನರಕ್ಕೆ ತಲುಪುವುದು ಅಷ್ಟಕ್ಕಷ್ಟೆ. ಏಟಿನ ಅಗಲ 0.1 ಮಿಲಿಸೆಕೆಂಡ್, ಸೆಕೆಂಡಿಗೆ 3ರಿಂದ 5 ಏಟು. ಹುಡುಕಲು ಮೊನೋಪೋಲಾರ್ ಒಳ್ಳೆಯದು, ಅದರ ಕರೆಂಟು ಹರಡುತ್ತದೆ. ಏಳು ಮತ್ತು ಎಂಟನೆಯ ನರಗಳು ಅಂಟಿಕೊಂಡಿರುವ ಕಡೆ ಇದು ಯಾವುದು ಎಂದು ತೀರ್ಮಾನಿಸಲು ಎರಡು ತುದಿಯ ಬೈಪೋಲಾರ್ ಪ್ರೋಬ್ ಒಳ್ಳೆಯದು, ಅದು ತಾನು ಮುಟ್ಟಿದ್ದನ್ನು ಮಾತ್ರ ಹೇಳುತ್ತದೆ. ಬೈಪೋಲಾರ್ ತುದಿಗಳನ್ನು ನರದ ಉದ್ದಕ್ಕೆ ಇಡಬೇಕು. ಅಡ್ಡಕ್ಕೆ ಇಟ್ಟರೆ ಉತ್ತರ ಬಾರದೆ ಹೋಗಬಹುದು.

ಮೂಳೆ ತೆಗೆಯುವ ಮುಂಚೆಯೇ ಒಂದು ಸಾಕ್ಷಿ ಪಡೆಯಬೇಕು. ಗಾಯದ ಅಂಚಿನ ಕುತ್ತಿಗೆ ಸ್ನಾಯುವಿಗೆ 1ರಿಂದ 2 ಮಿಲಿಯಾಂಪ್ ಕೊಟ್ಟು ಮುಟ್ಟಿಸಿದರೆ ಸ್ನಾಯು ಕಣ್ಣೆದುರೇ ಅದುರಬೇಕು. ಅದುರಿತು ಎಂದರೆ ಪ್ರೋಬಿನಿಂದ ಕರೆಂಟು ಬರುತ್ತಿದೆ, ರೋಗಿಯಲ್ಲಿ ಸಡಿಲಿಕೆ ಇಲ್ಲ. ಒಂದೇ ಏಟಿಗೆ ಎರಡು ಪ್ರಶ್ನೆ ತೀರಿತು. ಯಂತ್ರದ ಪರದೆಯಲ್ಲಿ ಎರಡು ಅಂಕಿ ಇರುತ್ತವೆ: ನಾವು ಕೇಳಿದ ಕರೆಂಟು ಮತ್ತು ನಿಜವಾಗಿ ಹರಿದ ಕರೆಂಟು. ಕೇಳಿದ್ದು 1.0, ಹರಿದದ್ದು 0.0 ಎಂದಿದ್ದರೆ ವಾಪಸು ಬರುವ ಸೂಜಿ ಕಳಚಿದೆ. ಮೊದಲ ಅಂಕಿಯನ್ನಷ್ಟೇ ನೋಡಿ ‘ಕೊಡುತ್ತಿದ್ದೇನೆ ಸಾರ್’ ಎನ್ನುವವರು ಎರಡನೆಯದನ್ನು ಓದಿರುವುದಿಲ್ಲ.

ಕಿವಿಯ ಹಿಂದಿನಿಂದ ಹೋಗುವ ರೆಟ್ರೋಸಿಗ್ಮಾಯ್ಡ್ ದಾರಿಯಲ್ಲಿ ಮೂಳೆ ತೆರೆದು, ಮೆದುಳುನೀರು ಹೊರಬಿಟ್ಟು, ಕಿರುಮೆದುಳು ತಾನಾಗಿ ಹಿಂದೆ ಸರಿದ ಮೇಲೆ ಗಡ್ಡೆಯ ಬೆನ್ನು ಕಾಣುತ್ತದೆ. ಅದರ ಪೊರೆ ಕತ್ತರಿಸುವ ಮುಂಚೆ ಆ ಬೆನ್ನಿನ ಮೇಲೆಲ್ಲ ಪ್ರೋಬಿನಿಂದ ಚುಕ್ಕೆ ಇಟ್ಟಂತೆ ಮುಟ್ಟುತ್ತಾ ಹೋಗಬೇಕು, ಕರೆಂಟು 1ರಿಂದ 2 ಮಿಲಿಯಾಂಪ್. ಮುಖದ ನರ ಹಿಂಬದಿಯಲ್ಲಿ ಹಾಯುವುದು ಅಪರೂಪ. ಅಪರೂಪ ಎಂದರೆ ಇಲ್ಲವೇ ಇಲ್ಲ ಎಂದಲ್ಲ. ಇಲ್ಲಿ ಸಿಗಬೇಕಾದ ಉತ್ತರ ಮೌನ. ಆ ಮೌನವನ್ನು ನಂಬುವ ಮುಂಚೆ ಪ್ರೋಬನ್ನು ಕೆಳಕ್ಕೆ ಒಯ್ದು ಹನ್ನೊಂದನೆಯ ನರವನ್ನು 0.2ರಷ್ಟು ಕರೆಂಟಿನಲ್ಲಿ ಮುಟ್ಟಿಸಿ. ಹೆಗಲಿನ ಚಾನೆಲ್ ಎದ್ದಿತೇ? ಎದ್ದರೆ ಗಡ್ಡೆಯ ಬೆನ್ನಿನ ಮೌನ ನಿಜ. ಮೇಲಿನ ಟ್ರಪೀಜಿಯಸ್ ಜೋಡಿ ಇರುವುದು ಇದಕ್ಕೆ.

ಗಡ್ಡೆಯ ಒಳಗನ್ನು ಕ್ಯೂಸಾ ಎಂಬ ಅಲ್ಟ್ರಾಸೌಂಡ್ ಹೀರುಗೊಳವೆಯಿಂದ ಕರಗಿಸಿ ಟೊಳ್ಳು ಮಾಡುತ್ತಾರೆ. ಈ ಹೊತ್ತಿನಲ್ಲಿ ನಮಗೆ ಕೆಲಸ ಕಡಿಮೆ, ಗದ್ದಲ ಹೆಚ್ಚು. ಟೊಳ್ಳಾದ ಗಡ್ಡೆಯ ಗೋಡೆ ಒಳಕ್ಕೆ ಕುಸಿದಾಗ ಮೆದುಳುಕಾಂಡದ ಹತ್ತಿರ ನರದ ಬೇರು ಹುಡುಕುವ ಸಮಯ. ಕರೆಂಟನ್ನು 0.3ಕ್ಕೆ, ಆಮೇಲೆ 0.1ಕ್ಕೆ ಇಳಿಸುತ್ತೇವೆ. ದೊಡ್ಡ ಕರೆಂಟಿನಲ್ಲಿ ಉತ್ತರ ಬಂದರೆ ನರ ‘ಈ ಊರಲ್ಲೇ ಇದೆ’ ಎಂದಷ್ಟೇ ಅರ್ಥ. 0.05ರಲ್ಲಿ ಬಂದರೆ ಪ್ರೋಬು ಅದರ ಮನೆಯ ಬಾಗಿಲಲ್ಲಿದೆ. ದೊಡ್ಡ ಕರೆಂಟಿನಲ್ಲಿ ಕಂಡ ಉತ್ತರವನ್ನು ನಂಬಿ ಅಲ್ಲಿದ್ದದ್ದನ್ನೆಲ್ಲ ನರ ಎಂದು ಬಿಟ್ಟರೆ ಗಡ್ಡೆ ಉಳಿಯುತ್ತದೆ. ಸಣ್ಣ ಕರೆಂಟಿನಲ್ಲಿ ಮೌನ ಕಂಡು ನರವಿಲ್ಲ ಎಂದುಕೊಂಡರೆ ನರ ಹೋಗುತ್ತದೆ. ಆದ್ದರಿಂದ ಮೇಲಿನಿಂದ ಕೆಳಕ್ಕೆ ಇಳಿಯುವುದು, ಸಂಶಯ ಬಂದಾಗ ಮತ್ತೆ ಮೇಲಕ್ಕೆ ಹೋಗುವುದು. ಪ್ರೋಬಿನ ತುದಿ ನೀರಿನ ಮಡುವಿನಲ್ಲಿ ಮುಳುಗಿದ್ದರೆ ಮೊದಲು ಹೀರಿಸಿ, ಆಮೇಲೆ ಮುಟ್ಟಿಸಿ.

ಉತ್ತರ ಬಂತು ಎಂದ ಕೂಡಲೇ ಸಮಯ ನೋಡಬೇಕು. ಮುಖದ ನರದ ಬೇರಿನಿಂದ ಬರುವ ಉತ್ತರ 6ರಿಂದ 8 ಮಿಲಿಸೆಕೆಂಡಿಗೆ ಏಳುತ್ತದೆ. 3ರಿಂದ 4ಕ್ಕೇ ಎದ್ದು, ಮ್ಯಾಸೆಟರ್ ಚಾನೆಲ್ಲಿನಲ್ಲಿ ದೊಡ್ಡದಾಗಿ, ಬಾಯಿಯ ಚಾನೆಲ್ಲಿನಲ್ಲಿ ನೆರಳಿನಂತೆ ಕಂಡರೆ ಅದು ಐದನೆಯ ನರ. ದವಡೆಯ ಸ್ನಾಯು ಗಟ್ಟಿ ದನಿಯದು, ಪಕ್ಕದ ಸೂಜಿಗಳಿಗೂ ಕೇಳಿಸುತ್ತದೆ. ಮ್ಯಾಸೆಟರ್ ಜೋಡಿ ಇಲ್ಲದೆ ಇದನ್ನು ಮುಖದ ನರ ಎಂದು ಕೂಗಿದರೆ ಸರ್ಜನ್ ತಪ್ಪು ದಾರಿ ಹಿಡಿಯುತ್ತಾರೆ. ಇನ್ನೊಂದು ಮೋಸಗಾರ ಮುಖದ ನರದ ಜೊತೆಗೇ ಸಾಗುವ ಸಣ್ಣ ಎಳೆಯಾದ ಇಂಟರ್‌ಮೀಡಿಯಸ್ ನರ. ಅದನ್ನು ಮುಟ್ಟಿದರೆ ಬಾಯಿಯ ಚಾನೆಲ್ಲಿನಲ್ಲಿ ಮಾತ್ರ, ತಡವಾಗಿ, ಪುಟ್ಟ ಉತ್ತರ ಬರುತ್ತದೆ. ಕಣ್ಣಿನ ಚಾನೆಲ್ ಸುಮ್ಮನಿರುತ್ತದೆ. ‘ಸಿಕ್ಕಿತು’ ಎಂದು ನಿರಾಳವಾಗಿ ಮುಖ್ಯ ನರ ಬೇರೆ ಕಡೆ ಇರುವುದನ್ನು ಮರೆತರೆ ಕೆಟ್ಟಿತು.

ಆಮೇಲೆ ಒಳನಾಳದ ಹಿಂಗೋಡೆಯನ್ನು ವಜ್ರದ ಪುಡಿಯ ಬರ್‌ನಿಂದ ಕೊರೆಯುತ್ತಾರೆ. ಕೊರೆತದ ಬಿಸಿಯೂ ನರಕ್ಕೆ ಪೆಟ್ಟೇ. ನೀರು ಬಿಡುತ್ತಲೇ ಇರಬೇಕು, ಆ ನೀರು ಮೈಬಿಸಿಗೆ ಹತ್ತಿರವಿರಬೇಕು. ಫ್ರಿಜ್ಜಿನಿಂದ ಬಂದ ಸಲೈನ್ ಸುರಿದರೆ ಎಲ್ಲ ಮುಖದ ಚಾನೆಲ್ಲುಗಳೂ ಒಟ್ಟಿಗೆ ಗೊಗ್ಗರಿಸುತ್ತವೆ. ನಾಳದ ತುದಿಯಲ್ಲಿ ನರದ ಜಾಗ ಬಹುಮಟ್ಟಿಗೆ ಖಚಿತ: ಮುಂದೆ, ಮೇಲ್ಗಡೆ. ಅದಕ್ಕೂ ಸಮತೋಲನದ ನರಕ್ಕೂ ನಡುವೆ ನಿಂತಿರುವ ಎಲುಬಿನ ಪುಟ್ಟ ಗೋಡೆಗೆ ವಿಲಿಯಂ ಹೌಸ್ ಅವರ ನೆನಪಿಗೆ ಬಿಲ್ಸ್ ಬಾರ್ ಎಂದು ಹೆಸರು. ಹೀಗೆ ನರ ಎರಡು ತುದಿಗಳಲ್ಲಿ ಸಿಕ್ಕ ಮೇಲೆ ಉಳಿಯುವುದು ನಡುವಿನ ಭಾಗ. ನಾಳದ ಬಾಯಿಯ ಮುಂದಿನ ಅಂಚಿನಲ್ಲಿ ನರ ಅತ್ಯಂತ ತೆಳುವಾಗಿ, ಅತ್ಯಂತ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ದಿನದ ಕಡುಕಷ್ಟದ ಒಂದೂವರೆ ಗಂಟೆ ಇಲ್ಲೇ ಕಳೆಯುವುದು, ಅಷ್ಟು ಹೊತ್ತಿಗೆ ಎಲ್ಲರ ಬೆನ್ನೂ ಸೋತಿರುತ್ತದೆ.

ಇಲ್ಲಿ ಕಿವಿಗೆ ಕೆಲಸ. ಪ್ರೋಬ್ ಮುಟ್ಟಿಸದೆ ಇರುವಾಗಲೂ ಸ್ನಾಯುಗಳ ವಿದ್ಯುತ್ತನ್ನು ಸ್ಪೀಕರಿನಲ್ಲಿ ಬಿಟ್ಟಿರುತ್ತೇವೆ. ಉಪಕರಣ ನರಕ್ಕೆ ತಾಗಿದಾಗ ಬರುವ ಒಂಟಿ ‘ಟಪ್’ ಗಾಬರಿಪಡುವಂಥದ್ದಲ್ಲ. ‘ಇಲ್ಲಿದ್ದೇನೆ’ ಎಂದು ನರವೇ ಹೇಳಿದಂತೆ. ಬಾಣಲೆಯಲ್ಲಿ ಜೋಳದ ಅರಳು ಸಿಡಿದ ಹಾಗೆ ಅಲ್ಲೊಂದು ಇಲ್ಲೊಂದು ಬಂದು ನಿಧಾನಕ್ಕೆ ಆರುವುದು ಎಳೆತದ, ತಂಪಿನ ಸೂಚನೆ. ಕೈ ಸಡಿಲಿಸಿದರೆ ನಿಲ್ಲುತ್ತದೆ. ಭಯಪಡಬೇಕಾದದ್ದು ‘ಎ ಟ್ರೇನ್’. ಜರ್ಮನಿಯ ರೋಮ್‌ಸ್ಟೋಕ್ ಮತ್ತು ಸಂಗಡಿಗರು 2000ದಲ್ಲಿ ವಿವರಿಸಿದ ಇದು ಪೀಠಿಕೆಯಿಲ್ಲದೆ ಥಟ್ಟನೆ ಶುರುವಾಗಿ, ಸೆಕೆಂಡಿಗೆ 60ರಿಂದ 200ರಷ್ಟು ವೇಗದಲ್ಲಿ ನುಣುಪಾದ ಅಲೆಗಳಾಗಿ ಓಡಿ, ಥಟ್ಟನೆ ನಿಲ್ಲುತ್ತದೆ. ಎತ್ತರ ಸಾಮಾನ್ಯವಾಗಿ 100ರಿಂದ 200 ಮೈಕ್ರೋವೋಲ್ಟ್ ಅಷ್ಟೆ, ಆದ್ದರಿಂದ ಕಣ್ಣಿಗೆ ದೊಡ್ಡದಾಗಿ ಕಾಣುವುದಿಲ್ಲ. ಕಿವಿಗೆ ಮಾತ್ರ ಸಣ್ಣ ಮೋಟಾರು ಕೊಯ್‌ಗುಟ್ಟಿದಂತೆ ಕೇಳಿಸುತ್ತದೆ. ದಿನವಿಡೀ ಇಂಥವು ಒಟ್ಟು ಎಷ್ಟು ಸೆಕೆಂಡು ನಡೆದವು ಎಂಬುದಕ್ಕೂ ಮರುದಿನದ ಮುಖಕ್ಕೂ ನೇರ ನಂಟಿದೆ. ಅದಕ್ಕೇ ಪ್ರತಿಯೊಂದರ ಗಂಟೆ, ಚಾನೆಲ್, ಆಗ ಸರ್ಜನ್ ಕೈಯಲ್ಲಿದ್ದ ಉಪಕರಣ ಎಲ್ಲ ಬರೆದಿಡುತ್ತೇವೆ.

ಹೇಳುವ ರೀತಿಯೂ ಒಂದು ವಿದ್ಯೆ. ‘ಸಾರ್, ಏನೋ ಬರ್ತಾ ಇದೆ’ ಎಂದರೆ ಯಾರಿಗೂ ಉಪಯೋಗವಿಲ್ಲ. ‘ಟ್ರೇನ್, ಕಣ್ಣು, ಈಗ’. ಮೂರೇ ಮಾತು. ಸರ್ಜನ್ ಕೈ ತಡೆದು, ಎಳೆತ ಬಿಟ್ಟು, ಬೆಚ್ಚನೆಯ ಸಲೈನ್ ಹಾಕಿ ಕಾಯುತ್ತಾರೆ ಅಥವಾ ಗಡ್ಡೆಯ ಬೇರೆ ಬದಿಗೆ ಹೋಗುತ್ತಾರೆ. ನಿಂತ ಕೂಡಲೇ ‘ನಿಂತಿತು’ ಎಂದೂ ಹೇಳಬೇಕು. ಮುಖದ ಚಾನೆಲ್ಲುಗಳ ಜೊತೆ ಮ್ಯಾಸೆಟರ್, ಹೆಗಲು ಎಲ್ಲವೂ ಒಟ್ಟಿಗೆ ಸಣ್ಣಗೆ ಮೊರೆಯತೊಡಗಿದರೆ ಅದು ನರದ ದೂರಲ್ಲ, ರೋಗಿ ಎಚ್ಚರವಾಗುತ್ತಿದ್ದಾರೆ. ಆಗ ತಿರುಗಬೇಕಾದದ್ದು ಅರಿವಳಿಕೆಯವರ ಕಡೆಗೆ, ತಡಮಾಡದೆ.

ಈ ಕೇಳುವಿಕೆಗೆ ಒಂದು ದೊಡ್ಡ ತೂತಿದೆ. ಬೈಪೋಲಾರ್ ಕಾಟರಿ ಒತ್ತಿದಾಗ ಯಂತ್ರ ತಾನಾಗಿ ಕಿವಿ ಮುಚ್ಚಿಕೊಳ್ಳುತ್ತದೆ. ಕಾಟರಿಯ ಕೇಬಲ್ಲಿಗೆ ಸಿಕ್ಕಿಸಿದ ಕ್ಲಿಪ್ ಅದನ್ನು ಮ್ಯೂಟ್ ಮಾಡಿಸುತ್ತದೆ. ನರದ ಪಕ್ಕದ ರಕ್ತನಾಳ ಸುಡುವ ಕ್ಷಣದಲ್ಲೇ ನಾವು ಕಿವುಡರು. ಆದ್ದರಿಂದ ನರದ ಹತ್ತಿರ ಕಾಟರಿ ಕಡಿಮೆ ಶಕ್ತಿಯಲ್ಲಿ, ಚಿಕ್ಕಚಿಕ್ಕ ಒತ್ತಿನಲ್ಲಿ ಇರಲಿ, ಒಂದೊಂದು ಒತ್ತಿನ ನಡುವೆ ಒಂದು ಉಸಿರಿನ ಬಿಡುವಿರಲಿ ಎಂದು ಕೇಳಿಕೊಳ್ಳುತ್ತೇವೆ. ಸಾಧ್ಯವಾದ ಕಡೆ ಸುಡುವುದಕ್ಕಿಂತ ಹತ್ತಿ ಒತ್ತಿ ಕಾಯುವುದು ಮೇಲು.

ಎಂಇಪಿ ಇರುವುದು ಈ ತೂತಿಗಾಗಿ. ನೆತ್ತಿಯ ಮೇಲೆ, ಗಡ್ಡೆಯ ಎದುರು ಬದಿಗೆ ಧನ ಧ್ರುವ, ನಡುವಿಗೆ ಋಣ ಧ್ರುವ ಇಟ್ಟು 3ರಿಂದ 5 ಏಟಿನ ಸರಣಿ, ಏಟುಗಳ ನಡುವೆ 2 ಮಿಲಿಸೆಕೆಂಡು. ಸುಮಾರು 90 ಮಿಲಿಸೆಕೆಂಡಿನ ಬಳಿಕ ಒಂಟಿ ಏಟು. ಈ ಒಂಟಿ ಏಟಿಗೂ ಮುಖ ಉತ್ತರಿಸಿದರೆ ಕರೆಂಟು ಮೆದುಳಿನ ಹೊರಪದರದಿಂದ ಬರುತ್ತಿಲ್ಲ, ತಲೆಬುರುಡೆ ದಾಟಿ ನರವನ್ನೋ ಸ್ನಾಯುವನ್ನೋ ನೇರ ಹೊಡೆಯುತ್ತಿದೆ, ಆ ಉತ್ತರ ಲೆಕ್ಕಕ್ಕಿಲ್ಲ. ವೋಲ್ಟೇಜು ಇಳಿಸಬೇಕು. ಗಡ್ಡೆ ಮುಟ್ಟುವ ಮುಂಚಿನ ಎತ್ತರಕ್ಕೆ ಹೋಲಿಸಿ ಅರ್ಧಕ್ಕಿಂತ ಕೆಳಗಿಳಿದರೆ ಎಚ್ಚರಿಸುವುದು ಸಾಮಾನ್ಯ ವಾಡಿಕೆ. ಹೆಬ್ಬೆರಳಿನ ಉತ್ತರವೂ ಜೊತೆಗೆ ಇಳಿದಿದ್ದರೆ ತಪ್ಪು ಅರಿವಳಿಕೆಯದೋ ರಕ್ತದೊತ್ತಡದ್ದೋ, ನರದ್ದಲ್ಲ. ಪ್ರತಿ ಏಟಿಗೂ ದವಡೆ ಕಚ್ಚುವುದರಿಂದ ಎರಡೂ ಬದಿಯ ದವಡೆಹಲ್ಲುಗಳ ನಡುವೆ ಗಾಜ್ ಸುರುಳಿ ಇಡಬೇಕು. ನಾಲಿಗೆ ಅದರೊಳಗೆ ಸಿಕ್ಕಿಲ್ಲ ಎಂದು ಟಾರ್ಚ್ ಹಾಕಿ ನೋಡಬೇಕು. ಏಟು ಕೊಡುವ ಮುಂಚೆ ‘ಕೊಡಲಾ?’ ಎಂದು ಕೇಳಿ, ‘ಕೊಡಿ’ ಎಂಬ ಉತ್ತರ ಬಂದ ಮೇಲೆಯೇ. ಮೈಕ್ರೋಸ್ಕೋಪಿನಡಿ ಕತ್ತರಿ ಇರುವಾಗ ರೋಗಿಯ ಮೈ ಜಿಗಿದರೆ ಕ್ಷಮೆಯಿಲ್ಲ.

ಕೊನೆಯಲ್ಲಿ ಗಡ್ಡೆಯ ತೆಳು ಹಾಳೆಯೊಂದು ನರಕ್ಕೆ ಅಂಟಿ ಉಳಿದಿರುತ್ತದೆ. ತೆಗೆಯಬೇಕೇ, ಬಿಡಬೇಕೇ? ತೀರ್ಮಾನ ಸರ್ಜನ್‌ದು. ನಮ್ಮ ಅಂಕಿಗಳು ಅದರಲ್ಲಿ ಮಾತಾಡುತ್ತವೆ. ಬೆಳಿಗ್ಗೆ 0.05ರಲ್ಲಿ ಉತ್ತರಿಸಿದ ಬೇರು ಈಗ 0.3 ಕೇಳುತ್ತಿದೆ, ಟ್ರೇನ್‌ಗಳು ಹೆಚ್ಚಿವೆ ಎಂದರೆ, ಆ ಹಾಳೆ ಬಿಟ್ಟು ಬಂದು ಮುಂದೆ ಎಂಆರ್‌ಐನಲ್ಲಿ ನಿಗಾ ಇಡುವುದು, ಬೆಳೆದರೆ ಗಾಮಾ ನೈಫ್ ಎಂಬ ವಿಕಿರಣ ಚಿಕಿತ್ಸೆ ಕೊಡುವುದು ಇವತ್ತು ಒಪ್ಪಿತ ದಾರಿ. ಕ್ಯಾನ್ಸರ್ ಅಲ್ಲದ ಗಡ್ಡೆಗೆ ಮುಖ ಬಲಿಕೊಡುವ ಹಟ ಈಗ ಕಡಿಮೆಯಾಗಿದೆ, ಒಳ್ಳೆಯದೇ ಆಯಿತು.

ಮುಚ್ಚುವ ಮುಂಚಿನ ಅಳತೆಯಲ್ಲಿ ಒಂದು ತಪ್ಪು ಮತ್ತೆ ಮತ್ತೆ ನಡೆಯುತ್ತದೆ. ಸುಲಭವಾಗಿ ಕಾಣುವುದು ನಾಳದೊಳಗಿನ ನರ, ಅಲ್ಲಿಗೆ ಪ್ರೋಬ್ ಮುಟ್ಟಿಸುತ್ತಾರೆ, ಮುಖ ಚೆನ್ನಾಗಿ ಅದುರುತ್ತದೆ, ಎಲ್ಲರೂ ನಿಟ್ಟುಸಿರು ಬಿಡುತ್ತಾರೆ. ನರ ಅದಕ್ಕಿಂತ ಹಿಂದೆ, ಮೆದುಳಿನ ಕಡೆಗೆ ತುಂಡಾಗಿದ್ದರೂ ಮುಂದಿನ ತುಂಡು ಸುಮಾರು ಮೂರು ದಿನ ವಿದ್ಯುತ್ತಿಗೆ ಉತ್ತರ ಕೊಡುತ್ತಲೇ ಇರುತ್ತದೆ. ಆದ್ದರಿಂದ ಮುಟ್ಟಬೇಕಾದದ್ದು ಮೆದುಳುಕಾಂಡದ ಬಳಿಯ ಬೇರನ್ನು. ಅಲ್ಲಿಂದ ಹೊರಟ ಏಟು ಇಡೀ ದಾರಿ ದಾಟಿ ಮುಖ ತಲುಪಬೇಕು. 0.01ರಿಂದ ಶುರುಮಾಡಿ ಮೇಲೇರಿ, ಮೊದಲ ಉತ್ತರ ಬಂದ ಅಂಕಿ ಬರೆದುಕೊಳ್ಳುತ್ತೇವೆ. 0.05 ಅಥವಾ ಅದಕ್ಕಿಂತ ಕಡಿಮೆಯಲ್ಲಿ, 200 ಮೈಕ್ರೋವೋಲ್ಟ್‌ಗೆ ಮೇಲ್ಪಟ್ಟ ಉತ್ತರ ಬಂದರೆ ಮುಖ ಚೆನ್ನಾಗಿ ಉಳಿಯುವ ಸಂಭವ ಹೆಚ್ಚು. ಆಮೇಲೆ ಬೇರಿನಲ್ಲೂ ನಾಳದ ತುದಿಯಲ್ಲೂ ಒಂದೇ ದೊಡ್ಡ ಕರೆಂಟು ಕೊಟ್ಟು ಎತ್ತರಗಳನ್ನು ಹೋಲಿಸುತ್ತೇವೆ. ಎರಡೂ ಹತ್ತಿರಹತ್ತಿರ ಇದ್ದರೆ ನಡುದಾರಿ ಗಟ್ಟಿಯಿದೆ. ಬೇರಿನದು ತೀರ ಕುಳ್ಳಾಗಿದ್ದರೆ ನಡುವೆ ಎಲ್ಲೋ ತಂತುಗಳು ನಿಂತಿವೆ. ಬೇರಿನಿಂದ ಉತ್ತರವೇ ಬರಲಿಲ್ಲ ಎಂದು ವರದಿ ಬರೆಯುವ ಮುಂಚೆ ಮತ್ತೆ ಹನ್ನೊಂದನೆಯ ನರ, ಮತ್ತೆ ಹರಿದ ಕರೆಂಟಿನ ಅಂಕಿ, ಮತ್ತೆ ಹೆಬ್ಬೆರಳ ನಾಲ್ಕು ಏಟು. ಮೂರೂ ಸರಿಯಿದ್ದರೆ ಮಾತ್ರ ಆ ಮೌನ ನರದ್ದು.

ಉತ್ತರ ಬಾರದಿದ್ದರೂ ಕಣ್ಣಿಗೆ ನರ ಅಖಂಡವಾಗಿ ಕಾಣುತ್ತಿದ್ದರೆ ಆಸೆ ಬಿಡುವುದಿಲ್ಲ. ತಿಂಗಳುಗಳ ಮೇಲೆ ಮರಳುವ ಮುಖಗಳಿವೆ. ವರ್ಷದ ಹೊತ್ತಿಗೂ ಚಲನೆ ಬಾರದಿದ್ದರೆ ನಾಲಿಗೆಯ ನರದಿಂದ ಜೋಡಣೆ ಮಾಡುವ ಮಾತು ಬರುತ್ತದೆ.

ಹೊಲಿಗೆ ಮುಗಿದು, ತಲೆಯ ಹಿಡಿತ ಬಿಚ್ಚಿದ ಮೇಲೆ ಸೂಜಿಗಳನ್ನು ಒಂದೊಂದಾಗಿ ತೆಗೆದು, ಕಣ್ಣಿನ ಹತ್ತಿರದವನ್ನು ತೆಗೆದ ಕಡೆ ಒಂದೆರಡು ನಿಮಿಷ ಒತ್ತಿ ಹಿಡಿಯಬೇಕು, ಇಲ್ಲದಿದ್ದರೆ ಬೆಳಿಗ್ಗೆ ಕಣ್ಣು ಕಪ್ಪಗಾಗಿರುತ್ತದೆ. ಬೋರ್ಡಿನ ಮೇಲಿನ 17 ಈಗ ಬೇಕು. 16 ಸಿಕ್ಕರೆ ಯಾರೂ ಓಟಿ ಬಿಡುವ ಹಾಗಿಲ್ಲ. ಅದು ಹೆಚ್ಚಾಗಿ ಬಟ್ಟೆಯ ಮಡಿಕೆಯಲ್ಲಿರುತ್ತದೆ, ಕೆಲವು ಸಲ ಬಟ್ಟೆ ಎತ್ತುವ ಆಯಾನ ಕೈಯಲ್ಲಿ.

ಐಸಿಯುನಲ್ಲಿ ರೋಗಿ ಮಾತು ಕೇಳುವಷ್ಟು ಎಚ್ಚರವಾದ ಕೂಡಲೇ ಅದೇ ಹಳೆಯ ಪರೀಕ್ಷೆ, ಕಣ್ಣು ಮುಚ್ಚಿ, ಹಲ್ಲು ತೋರಿಸಿ. ಆ ಹೊತ್ತಿನ ದರ್ಜೆ ಬರೆದಿಡಬೇಕು. ಮೊದಲ ದಿನ ಚೆನ್ನಾಗಿದ್ದ ಮುಖ ಕೆಲವರಲ್ಲಿ ಕೆಲವು ದಿನ ಬಿಟ್ಟು ಜೋತುಬೀಳುತ್ತದೆ. ಬೇರಿನ ಅಂಕಿ 0.05 ಇದ್ದವರಲ್ಲೂ ಇದಾಗುತ್ತದೆ. ಇದು ಊತದಿಂದ ತಡವಾಗಿ ಬರುವ ಸೋಲು, ಬಹುಪಾಲು ಮರಳುತ್ತದೆ. ಮನೆಯವರು ‘ನಿನ್ನೆ ಸರಿಯಿತ್ತಲ್ಲ’ ಎಂದು ಗಾಬರಿಯಾದಾಗ ಆ ಮೊದಲ ದಿನದ ಬರಹವೇ ಆಧಾರ. ಕಣ್ಣು ಪೂರ್ತಿ ಮುಚ್ಚದಿದ್ದರೆ ಹಗಲು ಎರಡು ಗಂಟೆಗೊಮ್ಮೆ ಕಣ್ಣೀರಿನ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಗೆ ಟೇಪು. ಟೇಪನ್ನು ಹೇಗೆ ಅಂಟಿಸಬೇಕೆಂದು ಮನೆಯವರ ಕೈಯಲ್ಲೇ ಒಮ್ಮೆ ಮಾಡಿಸಿ ನೋಡುತ್ತೇವೆ. ಮೇಲಿನ ರೆಪ್ಪೆಯನ್ನು ಪೂರ್ತಿ ಕೆಳಗಿಳಿಸಿದ ಮೇಲೆ ಅಂಟಿಸಬೇಕು, ಟೇಪಿನ ಒಳಮೈ ಗುಡ್ಡೆಗೆ ತಾಗಿದರೆ ರಕ್ಷಣೆಗೆ ಹಾಕಿದ್ದೇ ಕಾರ್ನಿಯವನ್ನು ಉಜ್ಜುತ್ತದೆ.